ಆಯಿಲ್ ಮುಚ್ಚಳದಾಗ ಮಜ್ಜಿಗೆ ನೊರೆ

ಚಳಿಗಾಲದ ಒಂದು ಬೆಳಿಗ್ಗೆ ನಮ್ಮ ಹಳೇ ಟ್ರ್ಯಾಕ್ಟರ್‌ನ ಆಯಿಲ್ ಮುಚ್ಚಳ ತೆಗೆದ್ರೆ ಒಳಗೆ ಮಜ್ಜಿಗೆಯಂಥ ಬಿಳಿ ನೊರೆ. ಕುಷ್ಟಗಿಯಲ್ಲಿ ತೋರಿಸಿದಾಗ ‘ಹೆಡ್ ಇಳಿಸಬೇಕ್ರಿ’ ಅಂದ್ರು. ಬೀಜಕ್ಕಿಟ್ಟ ದುಡ್ಡೆಲ್ಲ ಅದಕ್ಕೇ ಹೋಗ್ತಿತ್ತು.

ಬಿಚ್ಚಿಸೋ ಮೊದಲು, ಎಂಜಿನ್ ತಣ್ಣಗಿರುವಾಗ, ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಕಪ್ಪಗೇ ಇತ್ತು, ಮಟ್ಟ ಏರಿರಲಿಲ್ಲ. ರೇಡಿಯೇಟರ್ ನೀರು ವಾರವಾದರೂ ಇಳಿಯಲಿಲ್ಲ. ಹಾಗಾದ್ರೆ ಗ್ಯಾಸ್ಕೆಟ್ ಮೇಲೆ ಅನುಮಾನ ಕಡಿಮೆ. ತಪ್ಪು ನಂದೇ: ಜೀವಾಮೃತದ ಡ್ರಮ್ ಒಯ್ಯೋಕೆ ದಿನಾ ಹತ್ತು ನಿಮಿಷ ಓಡಿಸಿ ನಿಲ್ಲಿಸ್ತಿದ್ದೆ. ಎಂಜಿನ್ ಪೂರಾ ಕಾಯೋದೇ ಇಲ್ಲ. ಡೀಸೆಲ್ ಉರಿದಾಗ ಹುಟ್ಟೋ ನೀರಾವಿ ತಣ್ಣನೆ ಮುಚ್ಚಳಕ್ಕೆ ಕೂಡ್ತದ.

ನೊರೆ ಒರೆಸಿ, ಬ್ರೀದರ್ ಪೈಪ್ ತೊಳೆದು, ಒಂದು ತಾಸು ರಂಟೆ ಹೊಡೆದೆ. ಮತ್ತೆ ಕಾಣಲಿಲ್ಲ.

ಡಿಪ್‌ಸ್ಟಿಕ್ಕಿನಲ್ಲೇ ಬಿಳಿ ಕಂಡ್ರೆ ಮಾತ್ರ ಸ್ಟಾರ್ಟ್ ಮಾಡಬೇಡ್ರಿ. ನೀರು ಬೆರೆತ ಆಯಿಲ್‌ನಲ್ಲಿ ಬೇರಿಂಗ್ ಉಳಿಯಂಗಿಲ್ಲ.