ಪ್ರಾಗ್‌ನ ಗಡಿಯಾರದ ಮುಂದೆ

ಝೆಕ್ ಗಣರಾಜ್ಯದ ರಾಜಧಾನಿ ಪ್ರಾಗ್‌ನ ಹಳೇ ಪೇಟೆಯ ಚೌಕದಲ್ಲಿ ಗಂಟೆಗೊಮ್ಮೆ ಜಾತ್ರೆ ಸೇರುತ್ತದೆ. ಪುರಭವನದ ಗೋಡೆಯ ಗಡಿಯಾರದಲ್ಲಿ ಅಸ್ಥಿಪಂಜರವೊಂದು ಹಗ್ಗ ಜಗ್ಗಿ ಗಂಟೆ ಬಾರಿಸುತ್ತದೆ. ಮೇಲಿನ ಕಿಟಕಿಗಳಲ್ಲಿ ಏಸುವಿನ ಹನ್ನೆರಡು ಮಂದಿ ಶಿಷ್ಯರು ಒಬ್ಬೊಬ್ಬರಾಗಿ ಮುಖ ತೋರಿಸಿ ಹೋಗುತ್ತಾರೆ. ಕೊನೆಗೆ ಹುಂಜ ಕೂಗಿದರೆ ಆಟ ಮುಗಿಯಿತು. ಜನ ಚದುರಿದರು. ನಾನು ಅಲ್ಲೇ ನಿಂತೆ. ನನಗೆ ಬೇಕಾದದ್ದು ಬೊಂಬೆಗಳ ಕೆಳಗಿತ್ತು.

ನಮ್ಮ ಜಕಣಾಚಾರಿಗೆ ಇರುವಂತೆ ಈ ಗಡಿಯಾರಕ್ಕೂ ಒಂದು ಐತಿಹ್ಯವಿದೆ. ಇಂಥದ್ದನ್ನು ಬೇರೆ ಊರಿನಲ್ಲಿ ಕಟ್ಟಬಾರದೆಂದು ಹನೂಶ್ ಎಂಬ ಕುಶಲಕರ್ಮಿಯ ಕಣ್ಣು ಕೀಳಿಸಿದರಂತೆ. ಆದರೆ 1410ರ ದಾಖಲೆಯಲ್ಲಿರುವುದು ಕಡಾನ್ ಊರಿನ ಮಿಕುಲಾಶ್‌ನ ಹೆಸರು. ಕಣ್ಣು ಕಿತ್ತದ್ದು ಬರೀ ಕಥೆ.

ಗಡಿಯಾರದ ಮುಖದಲ್ಲಿ ಭೂಮಿ ನಡುವೆ ಇದೆ. ಸೂರ್ಯ, ಚಂದ್ರರು ಅದರ ಸುತ್ತ ತಿರುಗುತ್ತಾರೆ. ಚಂದ್ರ ಅರ್ಧ ಬಿಳಿ, ಅರ್ಧ ಕಪ್ಪು ಬಣ್ಣದ ಚೆಂಡು. ಶುಕ್ಲಪಕ್ಷವೋ ಕೃಷ್ಣಪಕ್ಷವೋ ಅದನ್ನು ನೋಡಿಯೇ ಹೇಳಬಹುದು. ಹೊರಗಿನ ಬಳೆಯಲ್ಲಿ 24 ಅಂಕಿಗಳು. ಹಿಂದೆ ಇಲ್ಲಿ ದಿನದ ಲೆಕ್ಕ ಸೂರ್ಯಾಸ್ತದಿಂದ ಶುರುವಾಗುತ್ತಿತ್ತು. ನಮ್ಮ ಹಿರಿಯರು ಸೂರ್ಯೋದಯದಿಂದ ಗಳಿಗೆ ಎಣಿಸಿದ ಹಾಗೆ! ರಾಶಿಗಳೂ ಅವೇ ಹನ್ನೆರಡು. ಆದರೆ ಇಲ್ಲಿ ಸೂರ್ಯ ಮೇಷಕ್ಕೆ ಬರುವುದು ಮಾರ್ಚ್ 21ರ ಸುಮಾರಿಗೆ, ನಮ್ಮ ಸೌರಮಾನ ಪಂಚಾಂಗದಲ್ಲಿ ಏಪ್ರಿಲ್ 14ರ ಸುಮಾರಿಗೆ. ಅವರದು ಸಾಯನ ಲೆಕ್ಕ, ನಮ್ಮದು ನಿರಯನ.

ಚೌಕದ ಎದುರು ಬದಿಗೆ ಟಿನ್ ಚರ್ಚು. ಒಳಗೆ ಕೆಂಪು ಅಮೃತಶಿಲೆಯ ಸಮಾಧಿಕಲ್ಲಿನ ಮೇಲೆ ಕವಚ ತೊಟ್ಟು ನಿಂತ ಮೀಸೆಯ ಮನುಷ್ಯ. ಆತ 1601ರಲ್ಲಿ ಈ ಊರಿನಲ್ಲೇ ತೀರಿಕೊಂಡ ಟೈಕೋ ಬ್ರಾಹೆ. ದೂರದರ್ಶಕ ಇನ್ನೂ ಬಂದಿರದ ಕಾಲದಲ್ಲಿ ಬರಿಗಣ್ಣಿನಿಂದ ದಶಕಗಟ್ಟಲೆ ಗ್ರಹಗಳನ್ನು ಅಳೆದು ಬರೆದಿಟ್ಟವನು.

ಅವನಲ್ಲಿಗೆ 1600ರಲ್ಲಿ ಸಹಾಯಕನಾಗಿ ಬಂದವನು ಕೆಪ್ಲರ್. ಮಂಗಳನ ಲೆಕ್ಕ ಅವನ ಪಾಲಿಗೆ ಬಂತು. ವೃತ್ತಗಳನ್ನೇ ನಂಬಿ ವರ್ಷಗಟ್ಟಲೆ ಗುಣಿಸಿದ. ಲೆಕ್ಕಕ್ಕೂ ಟೈಕೋನ ಅಳತೆಗೂ ಎಂಟು ಕಲೆಗಳ ವ್ಯತ್ಯಾಸ ಉಳಿಯಿತು. ಅಂದರೆ ಚಂದ್ರಬಿಂಬದ ಅಗಲದಲ್ಲಿ ಸುಮಾರು ಕಾಲುಭಾಗ. ಬೇರೆಯವರಾಗಿದ್ದರೆ ಇರಲಿ ಬಿಡಿ ಎನ್ನುತ್ತಿದ್ದರು. ಕೆಪ್ಲರ್ ಬಿಡಲಿಲ್ಲ. ಟೈಕೋ ಅಷ್ಟು ತಪ್ಪಾಗಿ ಅಳೆಯುವವನಲ್ಲ ಎಂದು ನಂಬಿ, ಎರಡು ಸಾವಿರ ವರ್ಷಗಳಿಂದ ಬಂದ ವೃತ್ತವನ್ನೇ ಕೈಬಿಟ್ಟ. ದೀರ್ಘವೃತ್ತದ ನಿಯಮ 1609ರ ಅವನ ಪುಸ್ತಕದಲ್ಲಿ ಅಚ್ಚಾಯಿತು.

ಆ ಸಮಾಧಿಯ ಮುಂದೆ ನನಗೊಬ್ಬ ಹುಡುಗ ನೆನಪಾದ. ಹಲವು ವರ್ಷಗಳ ಹಿಂದೆ ಪಾಠದ ಮಧ್ಯೆ ಎದ್ದು, "ಸಾರ್, ವೃತ್ತ ಯಾಕಲ್ಲ?" ಎಂದು ಕೇಳಿದ್ದ. "ಪರೀಕ್ಷೆಗೆ ಅದು ಬರಲ್ಲ, ಕೂತ್ಕೊ" ಎಂದಿದ್ದೆ. ನಿಜ ಹೇಳಬೇಕೆಂದರೆ, ಉತ್ತರ ನನಗೂ ಗೊತ್ತಿರಲಿಲ್ಲ. ಅವನು ಮತ್ತೆಂದೂ ಎದ್ದು ಪ್ರಶ್ನೆ ಕೇಳಲಿಲ್ಲ.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಊರಿಗೆ ಬಂದ ಮೇಲೆ ಆ ಪಾಠವನ್ನು ನಿಯಮದಿಂದ ಶುರುಮಾಡುವುದನ್ನು ಬಿಟ್ಟಿದ್ದೇನೆ. ಮೊದಲು ಹಲಗೆಯ ಮೇಲೆ ಒಂದು ವೃತ್ತ ಬರೆದು, ಪಕ್ಕದಲ್ಲಿ ಎಂಟು ಕಲೆ ಎಂದು ಬರೆಯುತ್ತೇನೆ. ಆಮೇಲೆ ಯಾರಾದರೂ ಎದ್ದು ಕೇಳಲಿ ಎಂದು ಕಾಯುತ್ತೇನೆ.