ಅಕ್ಕಿ, ಬೇಳೆ ಮತ್ತು ಕ್ಷಯ: ಇಪ್ಪತ್ತೆಂಟು ಘಟಕಗಳ ಒಂದು ಪ್ರಯೋಗ

ವೈದ್ಯಕೀಯ ಸಂಶೋಧನೆ ಎಂದೊಡನೆ ಕಣ್ಣ ಮುಂದೆ ಬರುವುದು ದೊಡ್ಡ ಆಸ್ಪತ್ರೆ, ಬಿಳಿ ಕೋಟು, ಸೂಕ್ಷ್ಮದರ್ಶಕ. ನಮ್ಮ ಕ್ಯಾಮೆರಾಗಳಿಗೂ ಅವೇ ಪ್ರಿಯ. ಆದರೆ ಕೆಲವು ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗುವುದಿಲ್ಲ.

ಕ್ಷಯದ ರೋಗಾಣು ದೇಹ ಹೊಕ್ಕವರೆಲ್ಲ ರೋಗಿಗಳಾಗುವುದಿಲ್ಲ. ಹೆಚ್ಚಿನವರಲ್ಲಿ ಅದು ಸುಮ್ಮನೆ ಅಡಗಿರುತ್ತದೆ. ದೇಹ ಸೊರಗಿದಾಗ ತಲೆ ಎತ್ತುತ್ತದೆ. ಹಾಗಾದರೆ ರೋಗಿಯ ಮನೆಯವರಿಗೆ ಒಳ್ಳೆಯ ಊಟ ಸಿಕ್ಕರೆ ರೋಗವನ್ನು ತಡೆಯಬಹುದೇ? ಇದನ್ನು ತಿಳಿಯಲು 2019ರಲ್ಲಿ ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ‘ರೇಷನ್ಸ್’ ಎಂಬ ಪ್ರಯೋಗ ಆರಂಭವಾಯಿತು. ಮುಂದಾಳುಗಳು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ ಜೊತೆಗಿತ್ತು.

ಒಂದೇ ಕೇಂದ್ರದಲ್ಲಿ ಇದನ್ನು ಏಕೆ ಮಾಡಬಾರದು? ರೋಗಿಯ ಮನೆಯವರು ನೂರು ಮಂದಿಯಿದ್ದರೆ, ಒಂದೆರಡು ವರ್ಷಗಳಲ್ಲಿ ಕಾಯಿಲೆ ಬೀಳುವವರು ಕೆಲವೇ ಜನ. ಅಷ್ಟರಲ್ಲಿ ವ್ಯತ್ಯಾಸ ಕಂಡರೂ ಅದು ಆಕಸ್ಮಿಕವೋ ಊಟದ ಫಲವೋ ಹೇಳಲಾಗದು. ಆದ್ದರಿಂದ ಸರ್ಕಾರದ 28 ಕ್ಷಯರೋಗ ಘಟಕಗಳನ್ನು ಒಂದು ಜಾಲವಾಗಿ ಹೆಣೆದರು. 2,800 ರೋಗಿಗಳು, ಅವರ ಮನೆಗಳ 10,345 ಮಂದಿ ಸೇರಿದರು. ತೂಕ ನೋಡುವ, ರೋಗಲಕ್ಷಣ ಕೇಳುವ, ಕಫ ಪರೀಕ್ಷಿಸುವ ಕ್ರಮ ಎಲ್ಲೆಡೆ ಒಂದೇ ಇರಬೇಕು. ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದುಕೊಂಡರೆ ಕೂಡಿಸಿ ಲೆಕ್ಕ ಹಾಕುವುದೇ ಅಸಾಧ್ಯ. ಜಾಲ ಕಟ್ಟುವುದರಲ್ಲಿ ಹೆಚ್ಚಿನ ಶ್ರಮ ಹೋಗುವುದು ಇಲ್ಲಿಯೇ.

ಯಾರಿಗೆ ಹೆಚ್ಚುವರಿ ಆಹಾರ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಆದರೆ ಚೀಟಿ ಮನೆಮನೆಗಲ್ಲ, ಇಡೀ ಘಟಕಕ್ಕೆ. ಪಕ್ಕದ ಮನೆಗೆ ಅಕ್ಕಿ ಬಂದು ನಮ್ಮ ಮನೆಗೆ ಬರದಿದ್ದರೆ ಏನಾಗುತ್ತದೆ? ಹಂಚಿಕೊಳ್ಳುತ್ತಾರೆ, ಇಲ್ಲವೆ ಮನಸ್ತಾಪವಾಗುತ್ತದೆ. ಎರಡರಿಂದಲೂ ಪ್ರಯೋಗ ಕೆಡುತ್ತದೆ.

ಎರಡೂ ಗುಂಪಿನ ರೋಗಿಗಳಿಗೆ ತಿಂಗಳಿಗೆ ಹತ್ತು ಕಿಲೋ ಆಹಾರ ಸಿಕ್ಕಿತು. ಒಂದು ಗುಂಪಿನಲ್ಲಿ ಮಾತ್ರ ಮನೆಯವರಿಗೂ, ದೊಡ್ಡವರಿಗೆ ತಲಾ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೊತೆಗೆ ಜೀವಸತ್ವದ ಮಾತ್ರೆ ಕೊಟ್ಟರು. ಇನ್ನೊಂದು ಗುಂಪಿನ ಮನೆಯವರಿಗೆ ಕೊಡದಿದ್ದದ್ದು ಸರಿಯೇ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಊಟದಿಂದ ಕ್ಷಯ ತಡೆಯಬಹುದೆಂಬುದು ಆಗ ಬಲವಾದ ಊಹೆಯಾಗಿತ್ತೇ ಹೊರತು, ಇಂಥ ಪ್ರಯೋಗದಿಂದ ಸಿದ್ಧವಾಗಿರಲಿಲ್ಲ. ಪುರಾವೆಯಿಲ್ಲದೆ ಖಜಾನೆಯ ಬಾಗಿಲು ತೆರೆಯುವುದೂ ಕಷ್ಟ. ಆದರೂ ಈ ಉತ್ತರದಿಂದ ನನಗೆ ಪೂರ್ತಿ ಸಮಾಧಾನವಿಲ್ಲ.

2020ರ ಲಾಕ್‌ಡೌನ್ ನಡುವೆಯೂ ಪ್ರಯೋಗ ಸಾಗಿತು. ಫಲಿತಾಂಶ 2023ರ ಆಗಸ್ಟ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದದ್ದು ಶೇ. 39ರಷ್ಟು ಕಡಿಮೆ; ಪ್ರಯೋಗಾಲಯದಲ್ಲಿ ಖಚಿತಪಟ್ಟ ಶ್ವಾಸಕೋಶದ ಕ್ಷಯ ಶೇ. 48ರಷ್ಟು ಕಡಿಮೆ. ಸುಮಾರು 30 ಮನೆಗಳಿಗೆ ಆಹಾರ ಕೊಟ್ಟರೆ ಒಬ್ಬರಿಗೆ ರೋಗ ಬರುವುದು ತಪ್ಪುತ್ತದೆ ಎಂಬುದು ಲೆಕ್ಕ. ರೋಗಿಗಳಲ್ಲಿಯೂ, ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಲ್ಲಿ ಸಾವಿನ ಸಂಭವ ಸುಮಾರು ಶೇ. 60ರಷ್ಟು ಕಡಿಮೆ ಕಂಡಿತು.

ಚಿಕಿತ್ಸೆಯ ಅವಧಿಯಲ್ಲಿ ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರ್ಕಾರ ಕೊಡುತ್ತಿದ್ದ ಹಣ ತಿಂಗಳಿಗೆ 500 ರೂಪಾಯಿ. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ ಆಯಿತು.