ಮೈಗೊಪ್ಪುವ ಕುರ್ತಿ

ಸಂಜೆಯ ಹೊತ್ತು ಬಸವೇಶ್ವರನಗರದ ಹಾವನೂರು ವೃತ್ತದ ಬಳಿ ಒಂದು ಗಳಿಗೆ ನಿಂತು ನೋಡಿರಿ. ಬಸ್ಸಿಳಿದು ತರಕಾರಿ ಚೀಲ ಹಿಡಿದು ಬರುವ ಹೆಂಗಸರಲ್ಲಿ ಸೀರೆಯುಟ್ಟವರೆಷ್ಟು, ಕುರ್ತಿ ತೊಟ್ಟವರೆಷ್ಟು ಎಂದು ಎಣಿಸುವ ಗೋಜು ಬೇಡ. ಒಂದು ನೋಟಕ್ಕೇ ತಿಳಿಯುತ್ತದೆ. ಹುಡುಗಿಯರ ಉಡುಪೆಂದು ನಾವು ಬಗೆದಿದ್ದುದು ತಾಯಂದಿರದಾಗಿ, ಈಗ ಅಜ್ಜಿಯರವರೆಗೂ ಬಂದಿದೆ. ಆದರೆ ಇಷ್ಟು ಬಳಕೆಗೆ ಬಂದ ಉಡುಪನ್ನು ನಾವು ಕೊಳ್ಳುವ ರೀತಿ ಮಾತ್ರ ವಿಚಿತ್ರ. ಬಣ್ಣ ನೋಡುತ್ತೇವೆ, ಬೆಲೆ ಕೇಳುತ್ತೇವೆ, ಮನೆಗೆ ತಂದು ತೊಟ್ಟು, ಕನ್ನಡಿಯ ಮುಂದೆ ನಿಂತು, ತಪ್ಪೆಲ್ಲ ನಮ್ಮ ಮೈಯದೇ ಎಂದು ನೊಂದುಕೊಳ್ಳುತ್ತೇವೆ. ತಪ್ಪು ಹೆಚ್ಚಾಗಿ ಬಟ್ಟೆಯದು, ಇಲ್ಲವೆ ಕತ್ತರಿಯದು.

‘ಇದು ನಮ್ಮ ಉಡುಪೇ ಅಲ್ಲ’ ಎನ್ನುವ ಹಿರಿಯರುಂಟು. ಕುರ್ತಾ ಎಂಬುದು ಪಾರಸಿಯಿಂದ ಬಂದ ಮಾತೆಂಬುದು ನಿಜ. ಆದರೆ ನಮ್ಮ ‘ಕುಪ್ಪಸ’ ತಾನೆ ಎಲ್ಲಿಯದು? ಸಂಸ್ಕೃತದ ‘ಕೂರ್ಪಾಸ’ದ ತದ್ಭವ ಅದು. ಅಮರಕೋಶಕಾರನು ಕೂರ್ಪಾಸಕಕ್ಕೆ ‘ಚೋಲ’ವೆಂಬ ಇನ್ನೊಂದು ಹೆಸರನ್ನೂ ಹೇಳಿದ್ದಾನೆ. ಹೊಲಿದ ಮೇಲುಡುಪು ಈ ನಾಡಿಗೆ ಹೊಸದಲ್ಲ. ಅದರ ಉದ್ದಗಿಡ್ಡಗಳು ಕಾಲಕಾಲಕ್ಕೆ ಬದಲಾಗಿವೆ, ಅಷ್ಟೆ. ಈ ಮಾತನ್ನು ಪಾಂಡಿತ್ಯಪ್ರದರ್ಶನಕ್ಕಾಗಿ ಹೇಳುತ್ತಿಲ್ಲ. ನನ್ನ ಮನೆಯಲ್ಲೇ ಇದು ಒಮ್ಮೆ ಉಪಯೋಗಕ್ಕೆ ಬಂದಿತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಅಳತೆಯ ವಿಷಯ. ಸಿದ್ಧ ಉಡುಪಿನ ಕೊರಳಪಟ್ಟಿಯಲ್ಲಿ ‘ಎಂ’ ಎಂದಿದ್ದರೆ ಎದೆಯ ಸುತ್ತಳತೆ 38 ಅಂಗುಲ, ‘ಎಲ್’ ಎಂದಿದ್ದರೆ 40 ಎಂಬುದು ಸಾಮಾನ್ಯ ಲೆಕ್ಕ. ಆದರೆ ಒಬ್ಬರ ‘ಎಲ್’ ಇನ್ನೊಬ್ಬರ ‘ಎಕ್ಸೆಲ್’ ಆಗಿರುತ್ತದೆ. ಅದನ್ನು ನಂಬಿ ಕೆಟ್ಟವರೇ ಬಹಳ. ಸುಲಭವಾದ ಉಪಾಯವೊಂದಿದೆ. ನಿಮಗೆ ಚೆನ್ನಾಗಿ ಕೂರುವ ಹಳೆಯ ಕುರ್ತಿಯನ್ನು ಮಂಚದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಒಂದು ಕಂಕುಳಿಂದ ಇನ್ನೊಂದು ಕಂಕುಳವರೆಗೆ ಟೇಪು ಹಿಡಿದು, ಬಂದ ಅಂಕಿಯನ್ನು ಎರಡರಿಂದ ಗುಣಿಸಿರಿ. ಸೊಂಟ, ನಿತಂಬಗಳನ್ನೂ ಹಾಗೆಯೇ ಅಳೆದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿರಿ. ಎಳೆದರೆ ಹಿಗ್ಗದ ನೇಯ್ದ ಬಟ್ಟೆಯಾದರೆ, ಮೈಯ ಅಳತೆಗಿಂತ ಕುರ್ತಿ ಎರಡು ಮೂರು ಅಂಗುಲವಾದರೂ ಸಡಿಲವಿರಬೇಕು. ಹತ್ತಿಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದು ಪಾಲು ಕುಗ್ಗುವುದುಂಟು. 44 ಅಂಗುಲದ ಉದ್ದದಲ್ಲಿ ಅದು ಸುಮಾರು ಒಂದೂಕಾಲರಿಂದ ಎರಡೂಕಾಲು ಅಂಗುಲವಾಯಿತು. ಹೊಲಿಸುವವರು ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿಯೇ ಟೈಲರಿಗೆ ಕೊಡಿರಿ. ಅಸ್ತರಿನ ಬಟ್ಟೆಯನ್ನೂ ನೆನೆಸಬೇಕು. ಇಲ್ಲವಾದರೆ ಅಸ್ತರು ಒಳಗೆ ಕುಗ್ಗಿ, ಹೊರಗಿನ ಬಟ್ಟೆ ಜೋತುಬಿದ್ದು, ಇಡೀ ಕುರ್ತಿ ಮುನಿಸಿಕೊಂಡಂತೆ ಕಾಣುತ್ತದೆ.

ಅಂಗಡಿಯಲ್ಲಿ ತೊಟ್ಟು ನೋಡುವಾಗ ಮೊದಲು ನೋಡಬೇಕಾದುದು ಭುಜ. ಭುಜದ ಹೊಲಿಗೆ ಭುಜದ ಮೂಳೆಯ ತುದಿಗೆ ಸರಿಯಾಗಿ ಬರಬೇಕು. ಪಕ್ಕದ ಹೊಲಿಗೆಯನ್ನು ಯಾರು ಬೇಕಾದರೂ ಒಳಗೆ ಹಿಡಿದಾರು. ಭುಜವನ್ನು ಸರಿಪಡಿಸುವುದೆಂದರೆ ತೋಳನ್ನು ಬಿಚ್ಚಿ ಮತ್ತೆ ಕೂರಿಸಬೇಕು. ಅನಂತರ ಎರಡು ಕೈಗಳನ್ನೂ ಮೇಲಕ್ಕೆತ್ತಿರಿ. ಮೂರು ದಶಕ ಕರಿಹಲಗೆಯ ಮೇಲೆ ಬರೆದವಳು ನಾನು. ಈ ಪರೀಕ್ಷೆಯಲ್ಲಿ ಎಷ್ಟೋ ಚೆಂದದ ಕುರ್ತಿಗಳು ನಪಾಸಾಗುತ್ತವೆ. ಕೈ ಎತ್ತಿದೊಡನೆ ಕುರ್ತಿಯ ಅಂಚು ಅರ್ಧ ಗೇಣು ಮೇಲಕ್ಕೆ ಬಂದರೆ ಕಂಕುಳ ಸುತ್ತು ತೀರ ಕೆಳಗಿಳಿದಿದೆ ಎಂದರ್ಥ. ಕಂಕುಳು ಸಡಿಲವಾಗಿ ಕೆಳಗಿದ್ದಷ್ಟೂ ಕೈಗೆ ಆರಾಮವೆಂದು ನಾವು ತಿಳಿಯುತ್ತೇವೆ. ನಿಜಸ್ಥಿತಿ ಇದಕ್ಕೆ ವಿರುದ್ಧ. ಹಳೆಯ ಕಾಲದ ಕುರ್ತಾ ಹೊಲಿಯುವವರು ಇದನ್ನು ಬಲ್ಲರು. ಅವರು ಬಟ್ಟೆಯನ್ನು ನೇರ ಪಟ್ಟಿಗಳಾಗಿ ಕತ್ತರಿಸಿ, ಕಂಕುಳಿಗೆ ಚೌಕದ ಪುಟ್ಟ ತುಂಡೊಂದನ್ನು ಮೂಲೆಮೇಲಾಗಿ ಕೂರಿಸುತ್ತಿದ್ದರು. ಬಟ್ಟೆ ವ್ಯರ್ಥವಾಗುತ್ತಿರಲಿಲ್ಲ, ಕೈಯೂ ಆಡುತ್ತಿತ್ತು.

ಇನ್ನು ಮೈಕಟ್ಟು. ಕೆಲವು ಪತ್ರಿಕೆಗಳು ಹೆಂಗಸರನ್ನು ಸೇಬು, ಮರಸೇಬು ಎಂದೆಲ್ಲ ವಿಂಗಡಿಸುತ್ತವೆ. ನಾವೇನು ಹಣ್ಣಿನ ಅಂಗಡಿಯೆ? ಕುರ್ತಿ ಎಲ್ಲಿ ಬಿಗಿಯುತ್ತದೆ, ಎಲ್ಲಿ ಜೋಲುತ್ತದೆ ಎಂಬುದನ್ನು ನೋಡಿಕೊಂಡರೆ ಸಾಕು. ನಿತಂಬ ಅಗಲವಾಗಿದ್ದವರಿಗೆ ತೊಂದರೆ ಬರುವುದು ಪಕ್ಕದ ಸೀಳಿನಿಂದ. ಅತ್ಯಗಲವಾದ ಜಾಗಕ್ಕಿಂತ ಕೆಳಗೆ ಸೀಳು ಆರಂಭವಾದರೆ ಬಸ್ಸಿನ ಮೆಟ್ಟಿಲು ಹತ್ತುವಾಗ ಬಟ್ಟೆ ಹಿಡಿಯುತ್ತದೆ, ಕೊನೆಗೆ ಸೀಳಿನ ತುದಿ ಹರಿಯುತ್ತದೆ. ಸೀಳು ಒಂದಂಗುಲ ಮೇಲಿಂದ ಆರಂಭವಾಗಲಿ. ಅದು ಇಷ್ಟವಿಲ್ಲದವರು ಕೆಳಕೆಳಗೆ ಅಗಲವಾಗುವ, ‘ಕಲಿ’ ಸೇರಿಸಿದ ಕುರ್ತಿ ಹೊಲಿಸಲಿ. ಈ ಅಳತೆಯನ್ನು ಕುಳಿತು ತೆಗೆಯಬೇಕು, ನಿಂತಲ್ಲ. ಎದೆ ತುಂಬಿದವರು ಎದೆಗೆ ಹೊಂದುವುದನ್ನು ಕೊಂಡರೆ ಭುಜ ಜಾರುತ್ತದೆ, ಭುಜಕ್ಕೆ ಹೊಂದುವುದನ್ನು ಕೊಂಡರೆ ಎದೆ ಬಿಗಿಯುತ್ತದೆ. ಇವರು ಬಟ್ಟೆ ಕೊಂಡು ಡಾರ್ಟು ಹಿಡಿಸಿ ಹೊಲಿಸುವುದೇ ಮೇಲು. ಹೊಟ್ಟೆ ಮುಂದಿರುವವರು ಸೊಂಟದಲ್ಲಿ ಅಡ್ಡ ಹೊಲಿಗೆಯಿರುವುದನ್ನು ಬಿಡಲಿ. ಮೈಗೆ ಅಂಟುವ ತೆಳು ರೇಯಾನಿಗಿಂತ ತುಸು ತೂಕವುಳ್ಳ ಕೈಮಗ್ಗದ ಹತ್ತಿ ಅವರಿಗೆ ಒಳ್ಳೆಯದು. ತೆಳ್ಳಗಿನವರಿಗೆ ಎದೆಪಟ್ಟಿಯ ಕೆಳಗೆ ನೆರಿಗೆ ಬಂದರೆ ಚೆನ್ನ. ಕುಳ್ಳಗಿನವರು ಅಂಚಿನಲ್ಲಿ ಬೇರೆ ಬಣ್ಣದ ಅಗಲ ಪಟ್ಟಿಯಿಲ್ಲದ, ಮೊಣಕಾಲಿಗೆ ನಿಲ್ಲುವ ಕುರ್ತಿ ಆರಿಸಲಿ. ಉದ್ದವಿರುವವರು ಏನನ್ನು ತೊಟ್ಟರೂ ನಡೆಯುತ್ತದೆ. ಅವರಿಗೆ ನನ್ನ ಉಪದೇಶದ ಅಗತ್ಯವಿಲ್ಲ.

ಸಮಯಾಸಮಯದ ಮಾತು ಬಂದಾಗ ನಮ್ಮ ನಾಡಿನ ಬಟ್ಟೆಗಳು ನೆನಪಾಗುತ್ತವೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ ಕುಪ್ಪಸಕ್ಕೆಂದೇ ನೇಯ್ದ ಬಟ್ಟೆ. ಅದರ ಚಿಕ್ಕ ಚಿಕ್ಕ ಹೂಬಳ್ಳಿಗಳು ನೇಯ್ಗೆಯಲ್ಲೇ ಮೂಡುತ್ತವೆ. ಅಗಲ ಕಡಮೆಯಾದುದರಿಂದ ಇಡೀ ಕುರ್ತಿಗೆ ಜೋಡಣೆ ಹೆಚ್ಚಾಗುತ್ತದೆ. ಒಂದೇ ಬಣ್ಣದ ಹತ್ತಿ ಕುರ್ತಿಗೆ ಎದೆಪಟ್ಟಿಯಾಗಿ, ತೋಳಿನ ಅಂಚಾಗಿ ಇಟ್ಟರೆ ಮದುವೆ ಮನೆಗೂ ಸಲ್ಲುತ್ತದೆ. ಧಾರವಾಡದ ಕಡೆಯ ಕಸೂತಿಯದು ಇನ್ನೊಂದು ಬೆಡಗು. ಗಾವಂತಿ, ಮುರಗಿ, ನೇಗಿ, ಮೆಂತೆ ಎಂದು ಅದರ ಹೊಲಿಗೆಗಳು ನಾಲ್ಕು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಗೋಪುರ, ತೇರು, ಆನೆಗಳನ್ನು ತೆಗೆಯುತ್ತಾರೆ. ಗಾವಂತಿ ಮುರಗಿಗಳು ಹಿಂದೂ ಮುಂದೂ ಒಂದೇ ತೆರನಾಗಿ ಕಾಣುತ್ತವೆ. ಆದುದರಿಂದ ಕಸೂತಿ ಎಂದು ಮಾರುವ ಕುರ್ತಿಯನ್ನು ಒಳಗು ಹೊರಗು ಮಾಡಿ ನೋಡಿರಿ: ಒಳಗೆ ಬಿಳಿಯ ಕಾಗದದಂಥ ಪದರ ಅಂಟಿದ್ದರೆ, ದಾರ ಸಿಕ್ಕುಸಿಕ್ಕಾಗಿದ್ದರೆ ಅದು ಯಂತ್ರದ ಕೆಲಸ. ಕೊಳ್ಳಬಾರದೆಂದಲ್ಲ, ಕೈಕೆಲಸದ ಬೆಲೆ ಕೊಡಬಾರದು.

ಸಾವಿನ ಮನೆಗೆ, ಆಸ್ಪತ್ರೆಗೆ ಹೋಗಲು ಹೊಳಪಿಲ್ಲದ ಬಣ್ಣದ ಒಂದು ಕುರ್ತಿ ಮನೆಯಲ್ಲಿರಲಿ. ಅವಸರದಲ್ಲಿ ಹುಡುಕುವ ಸಂಕಟ ತಪ್ಪುತ್ತದೆ. ದಿನದ ಕೆಲಸದ ಕುರ್ತಿಗೆ ಜೇಬು ಕಡ್ಡಾಯ. ಗಂಡಸರ ಅಂಗಿಗೆ ಕೇಳದೆಯೇ ಜೇಬು ಬರುತ್ತದೆ. ನಾವು ಕೇಳಿ, ಕಾಡಿ, ಅದರ ಕೂಲಿ ಬೇರೆ ಕೊಡಬೇಕು. ‘ಶಕ್ತಿ’ ಯೋಜನೆಯ ಟಿಕೀಟು, ಫೋನು, ಮನೆಯ ಕೀಲಿಕೈಗಳನ್ನು ಅಂಗೈಯಲ್ಲೇ ಹಿಡಿದು ಕಂಬಿಗೆ ಜೋತುಬೀಳುವುದು ಹೇಗೆ?

ಈಗ ನನ್ನ ಮನೆಯ ಮಾತು. ನನ್ನ ಅತ್ತೆಯವರಿಗೆ 79 ವರ್ಷ ವಯಸ್ಸಾಗಿದ್ದಾಗ ಬಚ್ಚಲಲ್ಲಿ ಜಾರಿ ಬಲಭುಜದ ಮೂಳೆ ಮುರಿಯಿತು. ಮೂಳೆ ಕೂಡಿತು, ಕೈ ಮಾತ್ರ ಎದೆಯ ಮಟ್ಟಕ್ಕಿಂತ ಮೇಲೇಳಲಿಲ್ಲ. ಸೆರಗು ಹೊದೆಯಲಾಗದು, ಕುಪ್ಪಸ ತೊಡಲಾಗದು. ಅರವತ್ತು ವರ್ಷ ಇಳಕಲ್ ಸೀರೆಯುಟ್ಟವರು ನೈಟಿ ತೊಟ್ಟು ಕೂತರು. ಯಾರಾದರೂ ಬಂದರೆ ಎದ್ದು ಒಳಕೋಣೆಗೆ ಹೋಗಿಬಿಡುವರು. ಜಗುಲಿ ಬಿಟ್ಟರು, ಎದುರುಮನೆಯ ಗೆಳತಿಯ ಮಾತು ಬಿಟ್ಟರು, ಬರಬರುತ್ತ ಊಟವೂ ಕಡಮೆಯಾಯಿತು. ಮೊಮ್ಮಗಳ ನಿಶ್ಚಿತಾರ್ಥಕ್ಕೆ ‘ನೀವೆಲ್ಲ ಹೋಗಿ ಬನ್ನಿ’ ಎಂದಾಗ ನನಗೆ ತಡೆಯಲಾಗಲಿಲ್ಲ.

ಮಾಗಡಿ ರಸ್ತೆಯ ಟೈಲರೊಬ್ಬರಿಗೆ ಅವರದೇ ಹಳೆಯ ಇಳಕಲ್ ಸೀರೆಯೊಂದನ್ನು ಒಯ್ದು ಕೊಟ್ಟೆ. ಕೊರಳಿಂದ ಅಂಚಿನವರೆಗೆ ಮುಂದೆ ಪೂರ್ತಿ ತೆರೆಯುವ ಕುರ್ತಿ, ಗುಂಡಿಯ ಬದಲು ಒಂದೇ ಕೈಯಲ್ಲಿ ಒತ್ತಬಹುದಾದ ಟಿಚ್ ಬಟನ್, ತೋಳು ಅಗಲ, ಕಂಕುಳಿಗೆ ಹಳೆಯ ಪದ್ಧತಿಯ ಚೌಕದ ತುಂಡು. ಕೆಳಗೆ ಇಲಾಸ್ಟಿಕ್ ಹಾಕಿದ ಸಡಿಲ ಪೈಜಾಮ. ಕೆಂಪು ಸೆರಗು ಎದೆಯ ಮೇಲೆ ಬರುವಂತೆ ಆತ ಕತ್ತರಿಸಿದ್ದ.

ಅತ್ತೆಯವರು ನೋಡಿ, “ಈ ವಯಸ್ಸಲ್ಲಿ ನನಗೆ ಅಂಗಿ ತೊಡಿಸ್ತೀಯೇನೇ?” ಎಂದರು.

“ಅಂಗಿಯಲ್ಲ ಅತ್ತೆ, ಕುಪ್ಪಸವೇ. ಸ್ವಲ್ಪ ಉದ್ದ ಅಷ್ಟೆ” ಎಂದೆ.

ಇಂಥವರಿಗೆ ಉಡುಪು ತೊಡಿಸುವ ಕ್ರಮವೊಂದುಂಟು. ನೋವಿನ ಕೈಯನ್ನು ಮೊದಲು ತೋಳಿಗೆ ಸೇರಿಸಬೇಕು, ಒಳ್ಳೆಯ ಕೈ ಆಮೇಲೆ. ತೆಗೆಯುವಾಗ ಒಳ್ಳೆಯ ಕೈ ಮೊದಲು, ನೋವಿನದು ಕೊನೆಗೆ. ಈ ಕ್ರಮ ತಿಳಿದ ಎರಡು ದಿನಕ್ಕೆ ಅವರೇ ತೊಟ್ಟುಕೊಂಡರು. ನಿಶ್ಚಿತಾರ್ಥದ ದಿನ ಎರಡನೆಯ ಸಾಲಿನಲ್ಲಿ ಕೂತು, ಬೀಗರ ಕಡೆಯ ಹೆಂಗಸೊಬ್ಬರಿಗೆ ಬಟ್ಟೆಯ ವಿಷಯ ವಿವರಿಸುತ್ತಿದ್ದುದನ್ನು ನಾನು ದೂರದಿಂದ ಕಂಡೆ. ಮನೆಗೆ ಬಂದ ಮೇಲೆ ಒಂದು ದೂರಿತ್ತು: ನಶ್ಯದ ಡಬ್ಬಿ ಇಡಲು ಜೇಬಿಲ್ಲವಂತೆ. ಮಾರನೆಯ ದಿನವೇ ಟೈಲರಲ್ಲಿಗೆ ಹೋಗಿ ಎಡಬದಿಗೆ ಒಂದು ಜೇಬು ಹಾಕಿಸಿಕೊಂಡು ಬಂದೆ.